ಮನೆಯಲ್ಲಿ ಓದಿಕೊಳ್ಳಿ ಎಂದ ಪಾಠ



ಈ ಲೇಖನ ನೋಡಿ ಕೆಲವರು ನಗಬಹುದು. ನಗ್ರಿ, ಆದರೆ ಪೂರ್ತಿ ಓದಿ ನಗ್ರಿ.

ನಾನು ಏಳನೇ ತರಗತಿಯಲ್ಲಿದ್ದಾಗ ಬೇರೆ ಊರಿನ ಶಾಲೆಗೆ ಹೋಗುತ್ತಿದ್ದೆ. ಒಂದು ದಿನ ಗಣಿತದ ಪಿರಿಯಡ್‌ನಲ್ಲಿ ಹೊಟ್ಟೆ ನೋವು ಬಂತು. ಎದ್ದು ನೋಡಿದರೆ ಲಂಗಕ್ಕೆ ರಕ್ತ! ಏನೋ ದೊಡ್ಡ ರೋಗ ಬಂದೈತಿ, ಸತ್ತೇ ಹೋಗ್ತೀನಿ ಅಂತ ಅಳುತ್ತಾ ಮನೆಗೆ ಓಡಿದೆ. ಅವ್ವ ಭತ್ತದ ನಾಟಿಗೆ ಹೋಗಿದ್ದಳು. ಸಂಜೆ ಬಂದು, "ಅಳಬ್ಯಾಡ, ದೊಡ್ಡಾಕಿ ಆಗೀದಿ" ಅಂದಳು. ಯಾಕ ಹಿಂಗ ಆಗ್ತೈತಿ ಎಂದು ಕೇಳಿದೆ. "ಅದನ್ನೆಲ್ಲ ಶಾಲ್ಯಾಗ ಹೇಳ್ತಾರ" ಅಂದಳು. ಮುಂದಿನ ವರ್ಷ ವಿಜ್ಞಾನದಲ್ಲಿ ಹದಿಹರೆಯದ ಪಾಠ ಬಂತು. "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಹೇಳಿ ಮುಂದಿನ ಪಾಠ ಶುರು ಮಾಡಿದರು.

ಕೊನೆಗೆ ತಿಳಿಸಿದವಳು ಕುರುಗೋಡಿನ ನಮ್ಮ ಚಿಕ್ಕವ್ವ. ಅವಳು ಆಶಾ ಕಾರ್ಯಕರ್ತೆ. ದೊಡ್ಡಬಸವೇಶ್ವರನ ತೇರಿಗೆ ಹೋದಾಗ ಕೂರಿಸಿಕೊಂಡು ಹೇಳಿದಳು: ಪ್ರತಿ ತಿಂಗಳು ಗರ್ಭಕೋಶದ ಒಳಪದರ ದಪ್ಪ ಆಗ್ತೈತಿ, ಗರ್ಭ ನಿಲ್ಲದಿದ್ದರೆ ಅದು ರಕ್ತದ ಜೊತೆ ಹೊರಗೆ ಬರ್ತೈತಿ, ರೋಗ ಅಲ್ಲ. ಹತ್ತು ನಿಮಿಷದ ಮಾತು! ಇದು ತಿಳಿಯದೆ ನಾನು ಒಂದು ದಿನ ಪೂರ್ತಿ ಅತ್ತಿದ್ದೆ.

ಹುಡುಗರಿಗಾದರೂ ಗೊತ್ತಿತ್ತಾ? ಬಳ್ಳಾರಿಯಲ್ಲಿ ಓದುವ ನಮ್ಮ ಮಾವನ ಮಗ ಧ್ವನಿ ಒಡೆದಾಗ ಗಂಟಲು ಕೆಟ್ಟಿದೆ ಅಂದುಕೊಂಡು ಎರಡು ತಿಂಗಳು ಉಪ್ಪುನೀರು ಮುಕ್ಕಳಿಸಿದ. ರಾಜ್ಯೋತ್ಸವದ ಹಾಡನ್ನೂ ಬಿಟ್ಟ.

ಇದು ನಗುವ ವಿಷಯ. ನನ್ನ ಗೆಳತಿಯದು ಅಲ್ಲ. ದೊಡ್ಡಾಕಿ ಆದಳು ಅಂತ ಶಾಲೆ ಬಿಡಿಸಿದರು. ಹದಿನಾರಕ್ಕೆ ಸಿರುಗುಪ್ಪದ ಕಡೆ ಮದುವೆ ಮಾಡಿಕೊಟ್ಟರು. ಐದು ತಿಂಗಳಾಗುವ ತನಕ ತಾನು ಬಸುರಿ ಅಂತ ಅವಳಿಗೇ ತಿಳಿದಿರಲಿಲ್ಲ. 18 ತುಂಬದೆ ಮದುವೆ ಮಾಡಬಾರದು, 1098ಕ್ಕೆ ಫೋನ್ ಮಾಡಬಹುದು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಈಗಲೂ ಅವಳ ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಇಂಥ ಪಾಠ ಕೇಳಿದರೆ ಮಕ್ಕಳು ಕೆಡ್ತಾರ ಅಂತ ಹಿರಿಯರು ಹೇಳುತ್ತಾರೆ. ನಮ್ಮ ಸಂಸ್ಕೃತಿಗೆ ಸರಿಯಲ್ಲ ಎಂಬ ಮಾತಿನಿಂದಲೇ 2007ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ನಿಂತಿತು. 2025ರಲ್ಲಿ 8ರಿಂದ 12ನೇ ತರಗತಿವರೆಗೆ ಲೈಂಗಿಕ ಶಿಕ್ಷಣ ಕೊಡುತ್ತೇವೆ ಎಂದು ಸರ್ಕಾರ ಹೇಳಿತು. ಹೇಳಿದರೆ ಸಾಲದು, ತರಗತಿಯಲ್ಲಿ ಬಾಯಿಬಿಟ್ಟು ಕಲಿಸಬೇಕು, ಹುಡುಗರಿಗೂ ಹುಡುಗಿಯರಿಗೂ. ಪಾಠ ಹೇಳದಿದ್ದರೆ ಕೆಡೋದಿಲ್ಲೇನು? ಮೊಬೈಲಿನಾಗ ಏನೇನು ನೋಡ್ತಾರ ಅಂತ ಹಿಂದಿನ ಬೆಂಚಿನವರನ್ನ ಕೇಳ್ರಿ!

ಈ ವರ್ಷ ಹತ್ತನೇ ತರಗತಿಯ ಪುಸ್ತಕ ಹಿಡಿದು ಮನೆಯಲ್ಲಿ ಜೋರಾಗಿ ಓದುತ್ತಿದ್ದೆ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ಕ್ರೋಮೋಸೋಮಿನ ಮೇಲೆ ಇರುತ್ತದೆ ಎಂದು ಅದರಲ್ಲಿದೆ. ನಾವು ಮೂವರೂ ಹೆಣ್ಣುಮಕ್ಕಳು. ಅದಕ್ಕೆ ಅಜ್ಜಿ ಅವ್ವನನ್ನು ಬೈಯದ ದಿನವಿಲ್ಲ. ಅಕ್ಕಿ ಕೇರುತ್ತಿದ್ದ ಅವ್ವ ಮೊರ ಕೆಳಗಿಟ್ಟು, "ಇನ್ನೊಮ್ಮೆ ಓದು, ನಿಮ್ಮಜ್ಜಿಗೂ ಕೇಳಲಿ" ಅಂದಳು.