ಹಿತ್ತಲಿಗೊಂದು ಕೊಡೆ

28 ವರ್ಷ ಪಾಠ ಹೇಳಿದವಳು ನಾನು. ಇನ್‌ಸ್ಪೆಕ್ಟರು ಬಂದಾಗಲೂ ನಡುಗಿದವಳಲ್ಲ. ಅಂಥವಳು ನಮ್ಮದೇ ಹಿತ್ತಲಿಗೆ, ಮೋಡವೇ ಇಲ್ಲದ ಫೆಬ್ರವರಿಯ ಸಂಜೆ, ಕೊಡೆ ಹಿಡಿದು ಹೊರಟರೆ ಬೇಲಿಯಾಚೆಯವರು ನಗದೆ ಇರುತ್ತಾರೆಯೇ? ಕೊಡೆ ಮಳೆಗಲ್ಲ, ಹುಂಜಕ್ಕೆ.

ಅದನ್ನು ಸಾಕಿದವಳೂ ನಾನೇ. ಹಿಂದಿನ ವರ್ಷ ಕಕ್ಕಡದ ಮಳೆಯಲ್ಲಿ ತಾಯಿಕೋಳಿಯನ್ನು ಮುಂಗುಸಿ ಎಳೆದುಕೊಂಡು ಹೋಯಿತು. ಒಂಬತ್ತು ಮರಿಗಳಲ್ಲಿ ಉಳಿದದ್ದು ಇದೊಂದೇ. ವಿರಾಜಪೇಟೆಯ ಕಡೆಯ ಮಳೆ ಕಂಡವರಿಗೆ ಗೊತ್ತು, ಒಲೆಯ ಮೇಲೆ ಹರವಿದ ಬಟ್ಟೆಯೇ ಒಣಗುವುದಿಲ್ಲ. ಬುಟ್ಟಿಯಲ್ಲಿ ಹಳೆ ಸೀರೆ ಹಾಸಿ, ಒಲೆಯ ಹತ್ತಿರವಿಟ್ಟು, ಅಂಗೈಯಲ್ಲೇ ನುಚ್ಚು ತಿನ್ನಿಸಿದೆ. ಮಕ್ಕಳಿಬ್ಬರೂ ಬೆಂಗಳೂರು ಸೇರಿದ ಮನೆ. ನಾನು ಪೇಪರು ತಿದ್ದುವಾಗ ಅದು ಮಡಿಲಲ್ಲಿ ತೂಕಡಿಸುತ್ತಿತ್ತು.

ಆರು ತಿಂಗಳಾಗಿರಬೇಕು. ಒಂದು ದಿನ ಒಂದು ರೆಕ್ಕೆ ಇಳಿಬಿಟ್ಟು ಓರೆಯಾಗಿ ಕುಣಿಯುತ್ತ ಬಂತು. ಮುದ್ದು ಮಾಡುತ್ತಿದೆ ಎಂದುಕೊಂಡೆ. ಮರುಕ್ಷಣ ಎರಡೂ ಕಾಲೆತ್ತಿ ನನ್ನ ಮೀನಖಂಡಕ್ಕೆ ಒದೆಯಿತು. ಕಾಲಿನ ಮುಳ್ಳು ಸೀರೆ ದಾಟಿ ಇಳಿದಿತ್ತು.

ಪಶುವೈದ್ಯರು ನಕ್ಕರು. "ಕೈಯಲ್ಲಿ ಬೆಳೆದ ಗಂಡುಮರಿ ಎಷ್ಟೋ ಸಲ ಹೀಗೇ ಆಗುತ್ತೆ ಮೇಡಂ. ಅದಕ್ಕೆ ಮನುಷ್ಯರ ಭಯವಿಲ್ಲ. ಅದರ ಕಣ್ಣಿಗೆ ನೀವು ಟೀಚರಲ್ಲ, ಇನ್ನೊಂದು ಹುಂಜ." ಓಡಿದರೆ ಅದು ಗೆದ್ದಂತೆ, ಹೊಡೆದರೆ ಜಗಳಕ್ಕೆ ಒಪ್ಪಿದಂತೆ. ಅಲ್ಲಾಡದೆ ನಿಲ್ಲಬೇಕು, ರೆಕ್ಕೆ ಸೇರಿಸಿ ಹಿಡಿದು ಕಂಕುಳಲ್ಲಿಟ್ಟುಕೊಂಡು ಅದು ಸುಮ್ಮನಾಗುವ ತನಕ ಓಡಾಡಬೇಕು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸರಿ, ನಮ್ಮಲ್ಲಿದ್ದದ್ದು ನಾಲ್ಕು. ಅವುಗಳ ಬೆನ್ನಿನ ಪುಕ್ಕವೆಲ್ಲ ಉದುರಿತ್ತು.

ತಿಂಗಳೊಂದು ಕಂಕುಳಲ್ಲಿ ಹೊತ್ತು ತಿರುಗಿದೆ. ಮೇ ಹೊತ್ತಿಗೆ ಕೊಡೆ ಬೇಡವಾಯಿತು. ಬಂದವರಿಗೆಲ್ಲ ಈ ಪಾಠ ಹೇಳಿದ್ದೂ ಹೇಳಿದ್ದೇ! ನನ್ನೊಬ್ಬಳಿಗೆ ಮಾತ್ರ ಅದು ತಗ್ಗಿದೆ ಎನ್ನುವುದು ಹೊಳೆಯಲಿಲ್ಲ.

ಆಗಸ್ಟಿನಲ್ಲಿ ಲೈನ್ ಮನೆಯ ಐದು ವರ್ಷದ ಹುಡುಗಿ ಕರಿಬೇವಿಗೆಂದು ಹಿತ್ತಲಿಗೆ ಬಂದಳು. ಕಿರುಚಾಟ ಕೇಳಿ ಓಡಿದಾಗ ಮಗು ನೆಲದ ಮೇಲೆ, ಹುಂಜ ಅದರ ಭುಜದ ಮೇಲೆ. ಗಾಯ ಕಣ್ಣಿನಿಂದ ಅರ್ಧ ಇಂಚು ಕೆಳಗೆ. ಎರಡು ಹೊಲಿಗೆ, ಟಿ.ಟಿ. ಚುಚ್ಚುಮದ್ದು. ಅವಳ ತಾಯಿ ನನ್ನನ್ನೇ ಸಮಾಧಾನ ಮಾಡಿದಳು. "ನೀವು ಹೇಳಿದ ಹಾಗೆ ಇವಳು ಅಲ್ಲಾಡದೆ ನಿಲ್ಲಬೇಕಿತ್ತು ಟೀಚರಮ್ಮ."

ಬೈದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಪುತ್ತೂರಿನ ಕಡೆ ಕೋಳಿ ಅಂಕದವರಿಗೆ ಕೊಟ್ಟರೆ ಒಳ್ಳೆ ಬೆಲೆ ಎಂದರು ಯಾರೋ. ಕಾಲಿಗೆ ಕತ್ತಿ ಕಟ್ಟಿ ಕಾದಾಡಿಸಲು ಕೊಡುವುದೆ? 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದೇ ಅಪರಾಧ. ಇನ್ನೊಂದು ಮನೆಗೆ ಕೊಡೋಣವೆಂದರೆ ಅಲ್ಲೂ ಮಕ್ಕಳಿರುತ್ತಾರೆ.

ಸೆಪ್ಟೆಂಬರ್ 3, ಕೈಲ್ ಮುಹೂರ್ತ. ಹಿಂದಿನ ಸಂಜೆ ಕೊನೆಯ ಸಲ ಕಂಕುಳಲ್ಲಿಟ್ಟುಕೊಂಡು ಹಿತ್ತಲು ಸುತ್ತಿದೆ. ಬೆಳಿಗ್ಗೆ ಯಜಮಾನರು ಏನೂ ಕೇಳದೆ ಗೂಡಿನತ್ತ ಹೋದರು. ಸಾರು ನಾನೇ ಮಾಡಿದೆ. ಒಲ್ಲೆ ಎಂದರೆ ಕೊಂದದ್ದು ಅವರೊಬ್ಬರೇ ಎಂದಾಗುತ್ತಿತ್ತು. ಎಲ್ಲರಿಗೂ ಕಡಂಬುಟ್ಟಿನ ಜೊತೆ ಬಡಿಸಿದೆ. ನಾನು ಬರೀ ಮೊಸರನ್ನ ತಿಂದೆ.

ಮರುದಿನ ಆ ಹುಡುಗಿ ಕೋಲು ಹಿಡಿದು ಬೇಲಿಯ ಬಳಿ ನಿಂತಿದ್ದಳು. "ಇಲ್ಲ, ಬಾ ಮಗಾ" ಎಂದೆ. ಗೂಡಿನತ್ತ ನೋಡಿಕೊಂಡೇ ಬಂದಳು. ಕೋಲನ್ನು ಕೆಳಗಿಟ್ಟದ್ದು ಅಡುಗೆಮನೆಯ ಹೊಸ್ತಿಲು ದಾಟಿದ ಮೇಲೆ.