ಗಾಡಿಯ ಕೆಳಗಿನ ಒದ್ದೆ

ಹಳೆಯ ಮೋಟಾರು ಗಾಡಿಯನ್ನು ಇಟ್ಟುಕೊಂಡವರಿಗೆ ಎರಡು ಬಗೆಯ ಬಂಧುಗಳು ತಪ್ಪದೆ ಇರುತ್ತಾರೆ. ಅದನ್ನು ಮಾರಿಬಿಡಿರೆಂದು ಬುದ್ಧಿ ಹೇಳುವವರು ಒಂದು ಬಗೆ. ಮದುವೆ ಮುಂಜಿಗಳ ಕಾಲಕ್ಕೆ ಅದನ್ನೇ ಕೇಳಿ ಕಳುಹಿಸುವವರು ಇನ್ನೊಂದು ಬಗೆ. ನಮ್ಮ ತಂದೆಯವರು ೧೯೭೭ರಲ್ಲಿ ಕೊಂಡ ಪೆಟ್ರೋಲಿನ ಅಂಬಾಸಿಡರ್ ಗಾಡಿಯು ಈ ಉಭಯರ ಬಾಯಿಗೂ ಸಿಕ್ಕಿ, ತಂದೆಯವರ ತರುವಾಯ ನಮ್ಮ ಪಾಲಿಗೆ ಬಂದಿತು. ಅದಕ್ಕೆ ನಾವು ಮಾಡಿದ ಅಪಚಾರವನ್ನೂ ಅದರಿಂದ ಕಲಿತುದನ್ನೂ ಇಲ್ಲಿ ಹೇಳಬೇಕೆಂದಿದ್ದೇವೆ.

ಅದು ೨೦೧೧ನೆಯ ಇಸವಿಯ ಬೇಸಿಗೆ. ಪುತ್ತೂರಿನ ನಮ್ಮ ಮನೆಯಂಗಳದಲ್ಲಿ ಗಾಡಿ ನಿಲ್ಲುತ್ತಿದ್ದ ಕಡೆ ಪ್ರತಿದಿನ ಬೆಳಗ್ಗೆ ಅಂಗೈಯಗಲ ಒದ್ದೆ ಕಾಣಿಸುತ್ತಿತ್ತು. ಅಂಗಳಕ್ಕೆ ನೀರು ಚಿಮುಕಿಸಲು ಬರುತ್ತಿದ್ದ ತಾಯಿಯವರು, "ಮಗೂ, ಗಾಡಿಯ ಕೆಳಗೆ ದಿನವೂ ಒದ್ದೆ ಇರುತ್ತದಲ್ಲ, ಏನೆಂದು ನೋಡಬಾರದೆ?" ಎಂದು ಎರಡು ಮೂರು ಸಲ ಹೇಳಿದರು. "ಮುದಿ ಗಾಡಿ, ಅಮ್ಮ, ಸೆಕೆಗೆ ಬೆವರುತ್ತದೆ" ಎಂದು ನಾವು ನಗೆಯಾಡಿದೆವು. ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ನೀರು ಹರಿಯುವ ರಬ್ಬರು ಕೊಳವೆಯಲ್ಲಿ ಕೂದಲೆಳೆಯಂಥ ಬಿರುಕೊಂದಿತ್ತು. ವಾರಕ್ಕೊಮ್ಮೆ ಒಂದು ಚೆಂಬು ನೀರು ಹೊಯ್ದರೆ ಸಾಕೆಂಬುದು ನಮ್ಮ ಸಿದ್ಧಾಂತವಾಗಿದ್ದಿತು.

ಹೀಗಿರಲು ಒಂದು ಮುಂಜಾನೆ ಹಾಸನದಿಂದ ಚಿಕ್ಕಮ್ಮನಿಗೆ ಮೈ ತೀರ ಸರಿಯಿಲ್ಲವೆಂದೂ, ಅಕ್ಕನನ್ನು ನೋಡಬೇಕೆಂದು ಹೇಳುತ್ತಿರುವರೆಂದೂ ಸುದ್ದಿ ಬಂದಿತು. ತಾಯಿಯವರಿಗೆ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಹತ್ತಲಾರರು. ಏಳು ಗಂಟೆಗೆ ಗಾಡಿಯಲ್ಲಿ ಹೊರಟೆವು. ಆ ಅವಸರದಲ್ಲಿ ನೀರನ್ನು ನೋಡಲಿಲ್ಲ. ಗುಂಡ್ಯದ ಬಳಿ ಶಾಖ ತೋರಿಸುವ ಮುಳ್ಳು ಮೇಲೇರತೊಡಗಿದುದನ್ನು ಕಂಡೆವು. ಅಲ್ಲಿಯೇ ನಿಲ್ಲಿಸಿದ್ದರೆ ಒಂದು ತಾಸಿನ ವಿಳಂಬದಲ್ಲಿ ಎಲ್ಲವೂ ಮುಗಿಯುತ್ತಿತ್ತು. ಆದರೆ ಶಿರಾಡಿ ಘಟ್ಟವನ್ನು ಹತ್ತಿಬಿಟ್ಟರೆ ತಂಪು ಗಾಳಿ ಸಿಕ್ಕುವುದೆಂದು ಮುಂದಕ್ಕೆ ಒತ್ತಿದೆವು. ಅರ್ಧ ಘಟ್ಟದಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ನುಗ್ಗಿ, ಎಂಜಿನ್ನು ಕೆಮ್ಮಿ ನಿಂತಿತು. ಮೊದಲನೆಯ ತಪ್ಪು ಸಾಲದೆಂಬಂತೆ ಎರಡನೆಯದನ್ನೂ ಮಾಡಿದೆವು. ಕಾದು ಕೆಂಡವಾಗಿದ್ದ ಎಂಜಿನ್ನಿಗೆ ತೊರೆಯ ತಣ್ಣೀರನ್ನು ತಂದು ಹೊಯ್ದೆವು. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಸೀಳಲೂಬಹುದು ಎಂಬುದು ಕಮ್ಮಾರನ ಮನೆಯ ಹುಡುಗನಿಗೂ ಗೊತ್ತು.

ತಾಯಿಯವರು ರಸ್ತೆಯ ಬದಿಯ ಕಲ್ಲಿನ ಮೇಲೆ ಮೂರು ತಾಸು ಕುಳಿತರು. ಕೊನೆಗೆ ಪುಣ್ಯಾತ್ಮರೊಬ್ಬರು ತಮ್ಮ ಜೀಪಿನಲ್ಲಿ ನಮ್ಮಿಬ್ಬರನ್ನೂ ಹಾಸನಕ್ಕೆ ಮುಟ್ಟಿಸಿದರು. ಚಿಕ್ಕಮ್ಮನು ಮಧ್ಯಾಹ್ನದವರೆಗೂ ಅಕ್ಕನ ಹೆಸರನ್ನು ಹೇಳುತ್ತಿದ್ದರಂತೆ. ನಾವು ಹೋದಾಗ ಪ್ರಜ್ಞೆ ಇರಲಿಲ್ಲ. ತಾಯಿಯವರು ತಂಗಿಯ ಕೈಯನ್ನು ಹಿಡಿದು ಕುಳಿತರು. ಆ ರಾತ್ರಿಯೇ ಎಲ್ಲವೂ ಮುಗಿಯಿತು.

ಹದಿನೈದು ದಿನಗಳ ಮೇಲೆ, ಗಾಡಿಯನ್ನು ಎಳೆಸಿ ಇಟ್ಟಿದ್ದ ಸಕಲೇಶಪುರಕ್ಕೆ ಹೋದೆವು. ಅಲ್ಲಿಯ ವೃದ್ಧ ಮೇಸ್ತ್ರಿಗಳು ಎಣ್ಣೆ ಹೊಯ್ಯುವ ಮುಚ್ಚಳವನ್ನು ತೆಗೆದು ನಮ್ಮ ಮುಂದೆ ಹಿಡಿದರು. ಅದರ ಒಳಮೈಗೆ ಹಾಲು ಬೆರೆಸಿದ ಕಾಫಿಯ ನೊರೆಯಂಥ ಪದಾರ್ಥವು ಮೆತ್ತಿಕೊಂಡಿತ್ತು. "ನೀರೂ ಎಣ್ಣೆಯೂ ಸೇರಿಹೋಗಿವೆ, ಸ್ವಾಮಿ. ಹೆಡ್ ಗ್ಯಾಸ್ಕೆಟ್ ಹೋಗಿದೆ" ಎಂದರು.

ಈ ವಸ್ತುವನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಎಂಜಿನ್ನಿನ ಕೆಳಭಾಗದಲ್ಲಿ ನಾಲ್ಕು ಸಿಲಿಂಡರುಗಳಿರುತ್ತವೆ. ಅವುಗಳ ಮೇಲೆ ಮುಚ್ಚಳದಂತೆ ಕೂಡುವ ಭಾರವಾದ ಕಬ್ಬಿಣದ ಭಾಗವೇ ಹೆಡ್ಡು. ಇವೆರಡರ ನಡುವೆ ತೂತುಗಳುಳ್ಳ ಒಂದು ತೆಳುವಾದ ಹಾಳೆಯಿದೆ, ಅದೇ ಗ್ಯಾಸ್ಕೆಟ್ಟು. ಒಂದು ಕಡೆ ಎರಡು ಸಾವಿರ ಡಿಗ್ರಿಗೂ ಮೀರಿದ ಬೆಂಕಿ, ಅದರ ಮಗ್ಗುಲಲ್ಲಿ ಹರಿಯುವ ನೀರು, ಇನ್ನೊಂದು ಕಡೆ ಎಣ್ಣೆ. ಈ ಮೂರೂ ಒಂದನ್ನೊಂದು ಮುಟ್ಟದಂತೆ ತಡೆಯುವುದು ಆ ಹಾಳೆಯೊಂದೇ. ಅದರ ಬೆಲೆ ಅಲ್ಪ, ಅದನ್ನು ಬದಲಾಯಿಸುವ ಶ್ರಮವೇ ಬಹಳ.

ಮೇಸ್ತ್ರಿಗಳು ಎಂಜಿನ್ನು ಪೂರ್ತಿ ತಣ್ಣಗಿರುವಾಗಲೇ ಕೆಲಸಕ್ಕೆ ಕೈ ಹಾಕಿದರು. ನೀರನ್ನು ಬಸಿದು, ಕಾರ್ಬುರೇಟರನ್ನು ಕಳಚಿ, ವಾಲ್ವುಗಳನ್ನು ನೂಕುವ ಎಂಟು ಕಡ್ಡಿಗಳನ್ನು ಒಂದು ರಟ್ಟಿನಲ್ಲಿ ತೂತು ಮಾಡಿ ಸಾಲಾಗಿ ಚುಚ್ಚಿಟ್ಟರು. ಒಂದರ ಸ್ಥಾನಕ್ಕೆ ಇನ್ನೊಂದು ಹೋಗಬಾರದಷ್ಟೆ. ಹೆಡ್ಡನ್ನು ಎತ್ತಿದಾಗ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ಟು ಸುಟ್ಟು ಕಪ್ಪಾಗಿದ್ದುದು ಕಂಡಿತು. ಈ ಎಂಜಿನ್ನಿನಲ್ಲಿ ಆ ಎರಡರ ಹೊಗೆಯ ವಾಲ್ವುಗಳು ಅಕ್ಕಪಕ್ಕದಲ್ಲಿರುವುದರಿಂದ ನಡುಭಾಗವೇ ಹೆಚ್ಚು ಕಾಯುತ್ತದೆ. ಬಿರುಕು ಅಲ್ಲಿಂದಲೇ ಹೊರಟು ನೀರಿನ ದಾರಿಯನ್ನೂ ಎಣ್ಣೆಯ ದಾರಿಯನ್ನೂ ಮುಟ್ಟಿತ್ತು.

ಹಳೆಯ ಹಾಳೆಯನ್ನು ಕೆರೆದು ತೆಗೆಯಲು ನಾವು ಚಾಕುವನ್ನು ಎತ್ತಿಕೊಂಡಾಗ ಮೇಸ್ತ್ರಿಗಳು ತಡೆದರು. ಹಿಂದಿನ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ತಾಮ್ರದ ನಡುವೆ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಗಳಿಗೆ ಹೊಕ್ಕರೆ ವರ್ಷಗಳ ಮೇಲೆ ಮಾರಕ ರೋಗಗಳಿಗೆ ಕಾರಣವಾಗುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ಮೂಗಿಗೆ ಬಟ್ಟೆ ಕಟ್ಟಿಸಿ, ಮೆಲ್ಲಗೆ ಬಿಡಿಸಿದರು. ಬಟ್ಟೆಯು ಸಾಲದೆಂದೂ, ಧೂಳು ಏಳದಂತೆ ನೋಡಿಕೊಳ್ಳುವುದೇ ಮುಖ್ಯವೆಂದೂ ಈಚೆಗೆ ತಿಳಿದುಕೊಂಡಿದ್ದೇವೆ.

"ಇನ್ನು ಹೊಸದನ್ನಿಟ್ಟು ಬಿಗಿಯಬಹುದಲ್ಲ?" ಎಂದೆವು. ಅವರು ಉತ್ತರ ಕೊಡದೆ, ಹೆಡ್ಡಿನ ಮೈಮೇಲೆ ಒಂದು ನೇರವಾದ ಉಕ್ಕಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ಅಡಿಗೆ ಇಂಚಿನ ಸಾವಿರ ಭಾಗಗಳಲ್ಲಿ ನಾಲ್ಕರಷ್ಟು ದಪ್ಪದ ಉಕ್ಕಿನ ಎಲೆಯನ್ನು ತೂರಿಸಿದರು. ನಡುಭಾಗದಲ್ಲಿ ಅದು ಸಲೀಸಾಗಿ ಒಳಗೆ ಹೋಯಿತು. "ಇದರ ಮೇಲೆ ಹೊಸದನ್ನಿಟ್ಟರೆ ತಿಂಗಳೊಳಗೆ ಮತ್ತೆ ಇಲ್ಲಿಗೇ ಬರುತ್ತೀರಿ. ಹಾಳೆ ಸುಟ್ಟದ್ದು ರೋಗವಲ್ಲ ಸ್ವಾಮಿ, ರೋಗದ ಗುರುತು" ಎಂದರು. ಹೆಡ್ಡು ಮೈ ಸಮ ಮಾಡಿಸಿಕೊಳ್ಳಲು ಹಾಸನಕ್ಕೆ ಹೋಗಿ ಬಂದಿತು. ಬಳಿಕ ಹೊಸ ಹಾಳೆಯನ್ನಿಟ್ಟು, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕಲ್ಲದೆ ಮೂರು ಸುತ್ತಿನಲ್ಲಿ, ಬಲವನ್ನು ಅಳೆಯುವ ಸ್ಪಾನರಿನಿಂದ ಬಿಗಿದರು. ಕೆಟ್ಟ ಎಣ್ಣೆಯನ್ನು ಚೆಲ್ಲಿ ಹೊಸ ಎಣ್ಣೆಯನ್ನು ತುಂಬಿದರು. ಎಂಜಿನ್ನನ್ನು ಓಡಿಸಿ, ಆರಿಸಿ, ಮತ್ತೊಮ್ಮೆ ಬಿಗಿದು, ವಾಲ್ವುಗಳ ಸಂದನ್ನು ಸರಿಪಡಿಸಿದರು.

ಎಲ್ಲವೂ ಮುಗಿದ ಮೇಲೆ ಆ ಹಳೆಯ ರಬ್ಬರು ಕೊಳವೆಯನ್ನು ನಮ್ಮ ಕೈಗೆ ಕೊಟ್ಟು, "ಇದನ್ನು ಮೊದಲೇ ಬದಲಾಯಿಸಿದ್ದರೆ ನನ್ನ ಪರಿಚಯವೇ ನಿಮಗೆ ಆಗುತ್ತಿರಲಿಲ್ಲ" ಎಂದು ನಕ್ಕರು. ನಮಗೆ ನಗು ಬರಲಿಲ್ಲ.

ತಾಯಿಯವರು ತಾವು ಇರುವವರೆಗೂ ಆ ದಿನದ ಮಾತನ್ನು ಎತ್ತಲಿಲ್ಲ. ಒಂದು ಮಾತು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಅಂಗಳದಲ್ಲಿ ಒದ್ದೆ ಕಂಡುದನ್ನು ಅವರು ಹೇಳಿದ್ದರು. ನಾವು ಬಗ್ಗಿ ನೋಡಲಿಲ್ಲ. ಅದಕ್ಕೆ ಅರ್ಧ ನಿಮಿಷವೂ ಬೇಕಾಗಿರಲಿಲ್ಲ.

ಗಾಡಿಯು ಇಂದಿಗೂ ನಮ್ಮಲ್ಲಿದೆ. ಆ ಕೊಳವೆಯ ತುಂಡು ಸಲಕರಣೆಯ ಪೆಟ್ಟಿಗೆಯಲ್ಲಿದೆ. ನಮ್ಮ ವಾಚಕರ ಮನೆಯಲ್ಲಿಯೂ ಯಾರಾದರೂ, ಗಾಡಿಯ ಕೆಳಗೆ ಒದ್ದೆಯಿದೆಯೆಂದು ಹೇಳಿದರೆ, ದಯಮಾಡಿ ನಗೆಯಾಡದೆ ಒಮ್ಮೆ ಬಗ್ಗಿ ನೋಡಬೇಕೆಂದು ಕೇಳಿಕೊಳ್ಳುತ್ತೇವೆ.