ಪುಟ್ಯಾಗ ಜೋಡಿ ತಂದಿದ್ದು

ಸಂಕ್ರಾಂತಿ ಅರಿಷಿಣ-ಕುಂಕುಮಕ್ಕ ಬಂದವರೆಲ್ಲಾ ಒಂದ ಮಾತು ಕೇಳಿದ್ರಿ. "ಒಂದ ಹಕ್ಕಿ ಇತ್ತಲ್ಲ, ಎರಡು ಯಾವಾಗ ಆದ್ವು? ಮತ್ತ ಬ್ಯಾರೆ ಬ್ಯಾರೆ ಪಂಜರ ಯಾಕ?" ಎಳ್ಳು-ಬೆಲ್ಲ ಕೊಡೋ ಗಡಿಬಿಡಿಯೊಳಗ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ಇವತ್ತ ಪೂರ್ತಿ ಹೇಳತೀನಿ, ನಾ ಮಾಡಿದ ತಪ್ಪೂ ಸೇರಿಸಿ.

ನಮ್ಮ ಪುಟ್ಯಾ ಕಾಕಟೀಲ್. ಬೂದಿ ಬಣ್ಣದ ಮೈ, ಹಳದಿ ಮಾರಿ, ಗಲ್ಲಕ್ಕ ಕೇಸರಿ ಬೊಟ್ಟು, ತಲಿಮ್ಯಾಲೆ ಜುಟ್ಲ. ಮೂಲ ಆಸ್ಟ್ರೇಲಿಯಾದ ಜಾತಿ. "ನಮ್ಮ ಹಸರ ಗಿಳಿ ಬಿಟ್ಟು ಇದ್ಯಾಕವಾ" ಅಂತ ಮಾವಶಿ ಅಂದಿದ್ರು. ನಮ್ಮ ಗಿಳಿ ಪಂಜರದಾಗ ಇಡೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಅದು ಗಿಡದ ಮ್ಯಾಲೆ ಇದ್ರನ ಛಂದ.

ಮಗಳು ಪಿಯುಸಿ ಓದೋವಾಗ ಹಟಾ ಮಾಡಿ ತರಿಸಿದ ಹಕ್ಕಿ ಇದು. ಅಕಿ ಹೋದ ಜೂನ್‌ನಾಗ ನೌಕರಿಗಂತ ಬೆಂಗಳೂರಿಗೆ ಹೋದ್ಲು. ಸಂಜಿ ಐದೂವರಿ ಆತಂದ್ರ ಪುಟ್ಯಾ ಬಾಗಿಲ ಕಡೆ ಮಾರಿ ಮಾಡಿ ಸೀಟಿ ಹೊಡಿಯಾಂವ. ಅಕಿ ಸ್ಕೂಟಿ ಬರೋ ಹೊತ್ತದು. ಹೊಡದು ಹೊಡದು ಸುಮ್ಮನಾಗತಿದ್ದ. ನಂಗ ಅಡಗಿಮನ್ಯಾಗ ನಿಂತು ಕೇಳಲಿಕ್ಕೆ ಆಗತಿರಲಿಲ್ಲ. "ಒಂದ ಜೋಡಿ ತಂದು ಬಿಡ್ರಿ" ಅಂತ ಕಂಡವರೆಲ್ಲಾ ಅಂದ್ರು. ನಂಗೂ ಅದ ಬೇಕಾಗಿತ್ತು.

ಹುಬ್ಬಳ್ಳಿಯಿಂದ ಚಿನ್ನಿನ್ನ ತಂದ್ವಿ. ಬೆಳ್ಳಗ, ಹಳದಿ ಜುಟ್ಲ, ಜುಟ್ಲದ ಹಿಂದ ಒಂಚೂರು ಬೋಳು. ಈ ಬಿಳಿ ಜಾತಿಗೆ ಹಂಗ ಇರತದಂತ. ದನದ ಡಾಕ್ಟರೊಬ್ಬರು ಹಕ್ಕೀನೂ ನೋಡತಾರ, ಅವರು ಮೊದಲ ಹೇಳಿದ್ರು: "ಅಕ್ಕಾರ, ಹೊಸಾದಕ್ಕ ಒಂದು ತಿಂಗಳ ಮ್ಯಾಲೆ ಬ್ಯಾರೆ ಖೋಲಿ, ಬ್ಯಾರೆ ಬಟ್ಟಲ. ಹಕ್ಕಿ ಜಡ್ಡು ಕಡೀ ತನಕ ತೋರಸೂದಿಲ್ಲ. ಮೊದಲ ಹಳೇದಕ್ಕ ಕಾಳು ಹಾಕ್ರಿ, ಆಮ್ಯಾಲೆ ಹೊಸಾದಕ್ಕ, ಆಮ್ಯಾಲೆ ಕೈ ತೊಳಕೋರಿ."

ಹನ್ನೆರಡು ದಿನಾ ಬರೋಬ್ಬರಿ ಮಾಡಿದೆ. ಅಷ್ಟರಾಗ ಮಗಳು ದಸರಾಕ್ಕ ಬರತೀನಿ ಅಂತ ಫೋನ್ ಮಾಡಿದ್ಲು. ಅಕಿ ಒಳಗ ಬರೋದರಾಗ ಎರಡೂ ಒಂದ ಕಡ್ಡಿಮ್ಯಾಲೆ ಕೂತಿರಬೇಕು, ಅಕಿ ಖುಷಿ ಆಗಬೇಕು ಅಂತ ನನ್ನ ಆಸೆ. ಆತುರಗಾರಗ ಬುದ್ಧಿ ಮಟ್ಟ. ಚಿನ್ನಿನ್ನ ಹಿಡದು ಸೀದಾ ಪುಟ್ಯಾನ ಪಂಜರದಾಗ ಬಿಟ್ಟೆ.

ಪುಟ್ಯಾನ ಜುಟ್ಲ ತಲಿಗೆ ಅಂಟಿಕೊಂಡ್ತು. ಬಾಯಿ ತಗದು ಹಾವಿನಂಗ ಬುಸ್ ಅಂದ. ನಾ ಕೈ ಹಾಕೋದರಾಗ ಅಕಿ ಕಾಲಬೆರಳು ಕಚ್ಚಿಬಿಟ್ಟಿದ್ದ. ಬಿಳಿ ಪುಕ್ಕದ ಮ್ಯಾಲೆ ರಕ್ತ ನೋಡಿ ನನ್ನ ಕೈಕಾಲು ನಡುಗಲಿಕ್ಕತ್ವು. ಕಾರ್ನ್‌ಫ್ಲೋರ್ ಒತ್ತಿ ಹಿಡದು ರಕ್ತ ನಿಲ್ಲಿಸಿ, ಡಾಕ್ಟರ ಕಡೆ ಓಡಿದೆ. "ಯಾರೋ ಬಂದು ನಿಮ್ಮ ಹಾಸಿಗ್ಯಾಗ ಮಲಕೊಂಡ್ರ ನೀವು ಸುಮ್ಮನಿರತೀರೇನ್ರಿ?" ಅಂದ್ರು. ಎರಡನ್ನೂ ತಪಾಸಿದ್ರು. ನಮ್ಮ ಪುಣ್ಯಾ, ಜಡ್ಡೇನೂ ಇರಲಿಲ್ಲ.

ರಾತ್ರಿ ಅತ್ತಿಯವರು ಹಾಸಿಗಿ ಮ್ಯಾಲೆ ಕೂತು ಸಾವಕಾಶ ಅಂದ್ರು, "ಜೋಡಿ ಬೇಕು ಅಂತ ಅಂವ ಕೇಳಿದ್ನೇನು? ಮನಿ ಸುಮ್ಮನಾಗಿದ್ದು ತಡಕೊಳ್ಳಲಿಕ್ಕೆ ಆಗದಾಕಿ ನೀನು."

ನಾ ಮಾತಾಡಲಿಲ್ಲ. ಅವರ ಮತ್ತ ಅಂದ್ರು: "ನೀ ಲಗ್ನಾ ಆಗಿ ಬಂದಾಗ ನಾ ಒಂದ ತಿಂಗಳು ನಿನ್ನ ಒಲಿ ಮುಂದ ಬಿಡಲಿಲ್ಲ, ನೆನಪದ ಏನು? ನೀ ಸಿಟ್ಟಾಗಿದ್ದಿ. ನಂಗ ಅಂಜಿಕಿ ಇತ್ತವಾ. ನೀ ಒಳಗ ಬಂದ್ರ ನಾ ಎಲ್ಲೆ ಕೂಡಲಿ ಅಂತ."

ಇಷ್ಟ ವರ್ಷದಾಗ ಈ ಮಾತು ಅವರ ಬಾಯಿಂದ ಬಂದಿದ್ದ ಅವತ್ತ ಮೊದಲು.

ಮರುದಿನದಿಂದ ಮತ್ತ ಮೊದಲಿಂದ ಶುರು ಮಾಡಿದೆ. ಪೂರಾ ನಲವತ್ತು ದಿನಾ ಬ್ಯಾರೆ ಖೋಲಿ. ಆಮ್ಯಾಲೆ ಪಡಸಾಲ್ಯಾಗ ಈ ಗ್ವಾಡಿಗೊಂದು ಆ ಗ್ವಾಡಿಗೊಂದು ಪಂಜರ. ಪುಟ್ಯಾನ ಜುಟ್ಲ ಸಡಲ ಇದ್ದ ದಿನಾ ಒಂದ ಗೇಣು ಹತ್ರ ಸರಸೋದು, ಬುಸ್ ಅಂದ್ರ ಒಂದ ಗೇಣು ಹಿಂದ. ಇಬ್ಬರಿಗೂ ಒಂದ ಹೊತ್ತಿಗೆ ನವಣಿ ತೆನಿ ಕಟ್ಟೋದು, ಒಬ್ಬರ ಮಾರಿ ಒಬ್ಬರು ನೋಡಿಕೋತ ಉಣ್ಣಲಿ ಅಂತ. ಹೊರಗ ಬಿಡಲಿಕ್ಕೆ ಮಗಳ ಖೋಲಿ ಆರಿಸಿದೆ, ಅದು ಇಬ್ಬರದೂ ಅಲ್ಲ. ಫ್ಯಾನ್ ಬಂದ್, ಕಿಡಕಿ ಬಂದ್, ಕನ್ನಡಿ ಮ್ಯಾಲೆ ದುಪ್ಪಟ್ಟಾ, ಎರಡು ಬಟ್ಟಲ, ಹದಿನೈದು ನಿಮಿಷ. ಅಡಗಿಮನಿ ಕಡೆ ಮಾತ್ರ ಎಂದೂ ತರಬ್ಯಾಡ್ರಿ. ನಾನ್‌ಸ್ಟಿಕ್ ತವಾ ಭಾಳ ಕಾದ್ರ ಅದರ ಹೊಗಿಗೆ ಹಕ್ಕಿ ಜೀವಾ ಹೋಗತದ. ರಾತ್ರಿ ಕತ್ತಲ್ಯಾಗ ಚಿನ್ನಿ ಬೆದರಿ ಬಡಕೋತಿದ್ಲು, ಝೀರೋ ಬಲ್ಬ್ ಹಚ್ಚಿಟ್ಟ ಮ್ಯಾಲೆ ಕಮ್ಮಿ ಆತು. ಹೆಣ್ಣು ಹಕ್ಕಿ ಗಂಡಿಲ್ಲದನೂ ತತ್ತಿ ಇಡತದ. ಅದಕ್ಕ ಕತ್ತಲ ಡಬ್ಬಿ-ಗಿಬ್ಬಿ ಇಡಲಿಲ್ಲ, ಸುಣ್ಣದಂಶಕ್ಕಂತ ಸಮುದ್ರದ ನೊರಿ ಕಟ್ಟೇನಿ.

ಈಗ ಜೋಡಿ ಆಗ್ಯಾರೇನು ಅಂದ್ರ, ಇಲ್ಲ. ಮುದ್ದು-ಗಿದ್ದು ಏನಿಲ್ಲ. ಕಿಡಕಿ ಸರಳಿನ ಮ್ಯಾಲೆ ಒಂದ ಗೇಣು ಬಿಟ್ಟು ಕೂಡತಾರ. ಆದ್ರ ಚಿನ್ನಿನ್ನ ಎತ್ತಿಕೊಂಡು ಆಚೆ ಖೋಲಿಗೆ ಹೋದ್ರ ಪುಟ್ಯಾ ಕೂಗತಾನ, ಅಕಿ ಅಲ್ಲಿಂದನ ಓ ಅಂತಾಳ. ನಮ್ಮ ವಠಾರದಾಗ ನಾವು ಕಂಪೌಂಡಿನ ಮ್ಯಾಲಿಂದ ಮಾತಾಡಿದಂಗ.

ಒಂದ ಮಾತು ಮುಚ್ಚಿಡೂದಿಲ್ಲ. ಮೊದಲ ನಾ ಚಹಾ ಕುಡಿಲಿಕ್ಕೆ ಕೂತ್ರ ಪುಟ್ಯಾ ಹೆಗಲಿಗೆ ಬರಾಂವ. ಈಗ ಒಮ್ಮೊಮ್ಮೆ ಬರೂದಿಲ್ಲ, ಅಕಿ ಕಡೆ ನೋಡಿಕೋತ ಕೂತಿರತಾನ. ಮೊದಲ ಸಲ ಹಂಗಾದಾಗ ಹೊಟ್ಟ್ಯಾಗ ಖಾರ ಕಲಸಿದಂಗಾತು. ಅತ್ತಿಯವರ ಕಡೆ ನೋಡಿದೆ. ಅವರು ನಕ್ಕು ಬತ್ತಿ ಹೊಸ್ಯೋದು ಮುಂದುವರಿಸಿದ್ರು.

ನಿಮ್ಮೊಳಗ ಯಾರರೆ ಎರಡನೇದು ತರಬೇಕು ಅಂತಿದ್ರ, ಯಾರ ಸಲುವಾಗಿ ಅನ್ನೋದು ಮೊದಲ ಕೇಳಿಕೋರಿ. ಛಲೋ ನೋಡಿಕೊಂಡ್ರ ಇವು ಹದಿನೈದು ವರ್ಷಕ್ಕೂ ಹೆಚ್ಚು ಬಾಳತಾವ. ಎಂದೂ ಕೂಡದನೂ ಇರಬಹುದು, ಎರಡು ಪಂಜರಕ್ಕ ಜಾಗಾ ಇಟಗೊಂಡನ ತರ್ರಿ. ಐದೂವರಿಗೆ ಪುಟ್ಯಾ ಇನ್ನೂ ಬಾಗಿಲ ಕಡೆನ ಮಾರಿ ಮಾಡಿ ಸೀಟಿ ಹೊಡಿತಾನ. ಈಗ ಚಿನ್ನೀನೂ ಅತ್ತಾಗ ನೋಡತಾಳ.